ಕಾಯುವ ಬೆಂಚಿನ ಲೆಕ್ಕ

ಮಗಳ ಪಠ್ಯೇತರ ಚಟುವಟಿಕೆಗಳಿಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನಾನು ತಕ್ಷಣ ಹೇಳಿಬಿಡುತ್ತಿದ್ದೆ. ಲೆಕ್ಕಪತ್ರ ವಿಭಾಗದಲ್ಲಿ 14 ವರ್ಷ ದುಡಿದವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ? ಆದರೆ ಅದೇ ಚಟುವಟಿಕೆಗಳಿಗೆ ನಮ್ಮ ಮನೆಯಿಂದ ವಾರಕ್ಕೆ ಎಷ್ಟು ಗಂಟೆ ಹೋಗುತ್ತದೆ, ಆ ಗಂಟೆಗಳು ಯಾರ ಪಾಲಿನವು ಎಂಬುದನ್ನು ನಾನು ಎಂದೂ ಬರೆದಿಟ್ಟವಳಲ್ಲ. ಬರೆಯಲು ಕೂತದ್ದು ಮಗಳಿಂದಾಗಿ ಅಲ್ಲ, ಮಗನಿಂದಾಗಿ.

ಮಗಳು ಆರನೆಯ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದಾಗ ತರಗತಿ ಇದ್ದದ್ದು ವಾರಕ್ಕೆರಡು ದಿನ, ಮುಕ್ಕಾಲು ಗಂಟೆ. ನೀರಿನ ಭಯ ಹೋದರೆ ಸಾಕು ಎಂಬುದಷ್ಟೇ ನಮ್ಮ ಆಸೆಯಾಗಿತ್ತು. ಎರಡು ವರ್ಷದ ನಂತರ ತರಬೇತುದಾರರು ಅವಳ ಕಾಲಿನ ಒದೆತ ಚೆನ್ನಾಗಿದೆ ಎಂದರು, ತರಗತಿ ನಾಲ್ಕು ದಿನವಾಯಿತು; ಹತ್ತು ತುಂಬುವಷ್ಟರಲ್ಲಿ ಮೂರು ದಿನ ಬೆಳಗಿನ ಜಾವ, ಮೂರು ದಿನ ಸಂಜೆ, ಪ್ರತಿ ಬಾರಿಯೂ ಒಂದೂವರೆ ಗಂಟೆ. ಈ ನಡುವೆ ಎರಡು ಸಂಜೆಯ ವಯೊಲಿನ್, ಶನಿವಾರದ ಚೆಸ್ ಬಂದು ಸೇರಿದ್ದವು. ಯಾವ ಹಂತದಲ್ಲೂ ನಾವಿಬ್ಬರೂ ಕೂತು ನಿರ್ಧರಿಸಿದ್ದೇ ಇಲ್ಲ. ಸಾಲವನ್ನು ಒಟ್ಟಿಗೆ ತೆಗೆದುಕೊಳ್ಳುವವರು ಹತ್ತು ಸಲ ಯೋಚಿಸುತ್ತಾರೆ; ನಾವು ಕೈಗಡವನ್ನೇ ಮೇಲಿಂದ ಮೇಲೆ ತಂದವರು. ಬೆಳಗಿನ ತರಬೇತಿಗೆ ಕರೆದೊಯ್ಯಲೆಂದು ನನ್ನ ಪತಿ ಮಧ್ಯಾಹ್ನದಿಂದ ರಾತ್ರಿಯವರೆಗಿನ ಪಾಳಿಯನ್ನು ಕೇಳಿ ಹಾಕಿಸಿಕೊಂಡರು, ಸಂಜೆಯದೆಲ್ಲ ನನ್ನ ಪಾಲಿಗೆ ಬಂತು, ಒಂದೂವರೆ ವರ್ಷ ನಾವಿಬ್ಬರೂ ಮಾತನಾಡಿದ್ದು ಬಹುಮಟ್ಟಿಗೆ ಒಣಗದ ಟವೆಲ್ ಮತ್ತು ಸಿಗದ ಈಜುಟೋಪಿಯ ಬಗ್ಗೆ. ಅದೇ ಅವಧಿಯಲ್ಲಿ ಕಚೇರಿಯಲ್ಲಿ ನನಗೆ ಬಡ್ತಿಯ ಅವಕಾಶ ಬಂದಿತ್ತು. ತಿಂಗಳ ಕೊನೆಯ ವಾರದಲ್ಲಿ ರಾತ್ರಿಯವರೆಗೆ ಕೂರಬೇಕಾದ ಹುದ್ದೆ ಅದು. ಮನೆಯ ಪರಿಸ್ಥಿತಿ ಸರಿಯಿಲ್ಲ ಎಂದು ಹೇಳಿ ಬೇಡವೆಂದೆ.

ಇನ್ನು ಮಗನ ವಿಷಯ. ಅವನಿಗೆ ಆಗ ಏಳು ವರ್ಷ. ಮನೆಯಲ್ಲಿ ಒಬ್ಬನನ್ನೇ ಬಿಡಲಾಗದೆ ಎರಡು ವರ್ಷ ಅವನನ್ನು ಈಜುಕೊಳದ ಬದಿಯ ಬೆಂಚಿನ ಮೇಲೆ ಕೂರಿಸಿ ಹೋಮ್‌ವರ್ಕ್ ಮಾಡಿಸಿದ್ದೆ. ಒದ್ದೆ ಕೈ ತಾಗಿ ಅವನ ನೋಟ್‌ಪುಸ್ತಕದ ಹಾಳೆಗಳು ಉಬ್ಬಿರುತ್ತಿದ್ದವು, ತೆರೆದರೆ ಕ್ಲೋರಿನ್ ವಾಸನೆ. ಒಂದು ದಿನ ಮನೆಯ ಗೋಡೆ ಗಡಿಯಾರವನ್ನು ತೋರಿಸಿ ಸಮಯ ಎಷ್ಟು ಎಂದು ಕೇಳಿದರೆ ತಡವರಿಸಿದ. ಅವನಿಗೆ ಮುಳ್ಳುಗಳನ್ನು ಓದಲು ಬರುತ್ತಿರಲಿಲ್ಲ. ಆದರೆ ತರಬೇತುದಾರರ ಸ್ಟಾಪ್‌ವಾಚನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಓದಬಲ್ಲವನಾಗಿದ್ದ. ಅಕ್ಕನ 100 ಮೀಟರ್ ಫ್ರೀಸ್ಟೈಲ್‌ನ ಕಳೆದ ಐದು ಸಮಯಗಳು ಅವನಿಗೆ ಬಾಯಿಪಾಠವಾಗಿದ್ದವು. ಅಷ್ಟೆಲ್ಲ ತಿಳಿದ ಹುಡುಗನಿಗೆ ಈಜು ಬರುತ್ತಿರಲಿಲ್ಲ. ಅವನನ್ನು ತರಗತಿಗೆ ಸೇರಿಸಲು ನಮಗೆ ಬಿಡುವಾಗಿರಲಿಲ್ಲ.

ಆ ರಾತ್ರಿ ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಕಲಂ ಎಳೆದೆ: ಯಾರು, ಯಾವುದಕ್ಕೆ, ಎಷ್ಟು ಹೊತ್ತು, ಇದು ಇಲ್ಲದಿದ್ದರೆ ಆ ಹೊತ್ತಿನಲ್ಲಿ ಏನಾಗುತ್ತಿತ್ತು. ನಾಲ್ಕು ವಾರ ತಪ್ಪದೆ ಬರೆದೆ. ತರಗತಿಯ ಸಮಯವನ್ನಷ್ಟೇ ಬರೆದರೆ ಲೆಕ್ಕ ಸುಳ್ಳಾಗುತ್ತದೆ ಎಂಬುದು ಎರಡನೆಯ ದಿನವೇ ಗೊತ್ತಾಯಿತು. ಒಂದೂವರೆ ಗಂಟೆಯ ಈಜಿಗೆ ಚೀಲ ತುಂಬುವುದು, ಹೋಗುವುದು, ಬಟ್ಟೆ ಬದಲಿಸುವುದು, ತಲೆ ಒರೆಸುವುದು, ಹಿಂದಿರುಗುವುದು ಸೇರಿ 3 ಗಂಟೆ 10 ನಿಮಿಷ ಬೇಕಾಗುತ್ತಿತ್ತು. ವಾರದ ಸರಾಸರಿ ತೆಗೆದಾಗ ಸಿಕ್ಕಿದ್ದು ಹೀಗೆ: ಮಗಳು ಕಲಿಯುತ್ತಿದ್ದದ್ದು ಹನ್ನೆರಡೂವರೆ ಗಂಟೆ, ಅದಕ್ಕಾಗಿ ನನ್ನ 18 ಗಂಟೆ, ಪತಿಯ 8 ಗಂಟೆ. ಮಗ ಕಾಯುತ್ತಿದ್ದದ್ದು ಹದಿಮೂರೂವರೆ ಗಂಟೆ. ಅಂದರೆ ಮನೆಯಲ್ಲಿ ಒಂದು ಮಗು ಕಲಿಯುತ್ತಿದ್ದದ್ದಕ್ಕಿಂತ ಇನ್ನೊಂದು ಮಗು ಕಾಯುತ್ತಿದ್ದದ್ದೇ ಹೆಚ್ಚು. ಈ ಅಂಕಿಯನ್ನು ಪತಿಗೆ ತೋರಿಸಿದಾಗ ಕೂಡುವುದರಲ್ಲಿ ತಪ್ಪಿರಬೇಕು ಎಂದು ಅವರೇ ಮತ್ತೊಮ್ಮೆ ಕೂಡಿ ನೋಡಿದರು.

ನಾಲ್ಕನೆಯ ಕಲಂನಲ್ಲಿ ಅತಿ ಹೆಚ್ಚು ಬಾರಿ ಬಂದ ಪದ ‘ನಿದ್ದೆ’. ನನ್ನದು ಐದೂವರೆ ಗಂಟೆಗೆ ಇಳಿದಿತ್ತು. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಗೊತ್ತಿರದಿದ್ದದ್ದು ಮಗಳ ವಿಷಯ. ಭುಜದ ನೋವೆಂದು ಅವಳನ್ನು ಮಕ್ಕಳ ವೈದ್ಯರ ಬಳಿಗೆ ಕರೆದೊಯ್ದಾಗ ಅವರು ಭುಜ ಮುಟ್ಟುವ ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ ಮಲಗುತ್ತಾಳೆ, ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು. ಬೆಳಗಿನ ತರಬೇತಿಯ ದಿನಗಳಲ್ಲಿ ಅದು ಏಳು ಗಂಟೆಯನ್ನೂ ಮುಟ್ಟುತ್ತಿರಲಿಲ್ಲ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೊರಡಿಸಿದ ಶಿಫಾರಸಿನ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅವರು ವಿವರಿಸಿದರು. ಒಂದೇ ಕ್ರೀಡೆಯಲ್ಲಿ ತೊಡಗಿದ ಮಕ್ಕಳಿಗೆ ವಾರಕ್ಕೆ ಒಂದೆರಡು ದಿನ ಬಿಡುವು, ವರ್ಷದಲ್ಲಿ ತಿಂಗಳು ತಿಂಗಳಾಗಿ ಒಟ್ಟು ಮೂರು ತಿಂಗಳ ವಿರಾಮ ಇರಬೇಕೆಂಬುದು ಅಲ್ಲಿನ ಮಕ್ಕಳ ವೈದ್ಯರ ಸಂಘಟನೆಯ ಸಲಹೆ ಎಂಬುದನ್ನೂ ತಿಳಿಸಿದರು. ನಮ್ಮ ಮಗಳಿಗೆ ಆ ವರ್ಷ ಅಂಥ ಒಂದು ವಾರವೂ ಸಿಕ್ಕಿರಲಿಲ್ಲ. ನಾವು ನಮ್ಮ ನಿದ್ದೆಯನ್ನು ಅವಳಿಗಾಗಿ ಕೊಡುತ್ತಿದ್ದೇವೆ ಎಂದು ಹೆಮ್ಮೆಪಡುತ್ತಿದ್ದಾಗ ಅವಳ ನಿದ್ದೆಯನ್ನೂ ಕೊಟ್ಟುಬಿಟ್ಟಿದ್ದೆವು.

ಇದರ ನಂತರ ನಾಲ್ವರೂ ಕೂತೆವು. ಒಂದು ಬಿಡುವುದಾದರೆ ಯಾವುದು ಎಂದು ಮಗಳನ್ನು ಕೇಳಿದಾಗ ಅವಳು ಅರೆಕ್ಷಣವೂ ತಡಮಾಡದೆ ಚೆಸ್ ಎಂದಳು. “ಅದು ಅಪ್ಪನಿಗೆ ಇಷ್ಟ ಅಂತ ಹೋಗ್ತಿದ್ದೆ.” ಚಿಕ್ಕಂದಿನಲ್ಲಿ ಚೆನ್ನಾಗಿ ಆಡುತ್ತಿದ್ದು, ಕೆಲಸಕ್ಕೆ ಸೇರಿದ ಮೇಲೆ ಕೈಬಿಟ್ಟವರು ನನ್ನ ಪತಿ. ಅವರು ಅಂದು ಏನೂ ಹೇಳಲಿಲ್ಲ, ಆದರೆ ಶನಿವಾರಗಳಂದು ಈಗ ಅವರೇ ಫೋನಿನಲ್ಲಿ ಅಪರಿಚಿತರೊಂದಿಗೆ ಆಡುತ್ತಾರೆ. ವಯೊಲಿನ್ ವಾರಕ್ಕೆ ಒಂದು ದಿನಕ್ಕಿಳಿಯಿತು, ಉಳಿದದ್ದು ಮನೆಯಲ್ಲೇ ದಿನಕ್ಕೆ 20 ನಿಮಿಷದ ಅಭ್ಯಾಸ. ಕಷ್ಟವಾದದ್ದು ಈಜು. ಆರು ದಿನವನ್ನು ನಾಲ್ಕಕ್ಕೆ ಇಳಿಸುತ್ತೇವೆ ಎಂದಾಗ ತರಬೇತುದಾರರು ಅವಳನ್ನು ಕೆಳಗಿನ ಗುಂಪಿಗೆ ಹಾಕಿದರು. ಎರಡು ದಿನ ಅವಳು ಅತ್ತಳು, ಮೂರನೆಯ ದಿನ ನಾನೇ ಫೋನ್ ಮಾಡಿ ಮೊದಲಿನಂತೆಯೇ ಇರಲಿ ಎಂದು ಹೇಳಲು ಹೊರಟಿದ್ದೆ. ಏಳು ತಿಂಗಳು ಅವಳ ಸಮಯ ಒಂದಿಷ್ಟೂ ಸುಧಾರಿಸಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ಭುಜದ ನೋವು ಮಾತ್ರ ಎರಡನೆಯ ತಿಂಗಳಲ್ಲೇ ಹೋಯಿತು.

ಕರೆದೊಯ್ಯುವ ಕೆಲಸವನ್ನು ಇನ್ನೆರಡು ಮನೆಯವರೊಂದಿಗೆ ಹಂಚಿಕೊಂಡೆವು. ಬಾಯಿಮಾತಿನ ಒಪ್ಪಂದ ಒಂದು ತಿಂಗಳೂ ನಡೆಯಲಿಲ್ಲ, ಸುಲಭದ ದಿನಗಳು ಪ್ರತಿ ಸಲವೂ ಒಂದೇ ಮನೆಯ ಪಾಲಾದವು. ಮೂರು ತಿಂಗಳ ಸರದಿಯನ್ನು ಪಟ್ಟಿ ಮಾಡಿ ಹಂಚಿದ ಮೇಲೆ ಗೊಣಗಾಟ ನಿಂತಿತು. ಕಚೇರಿಯಲ್ಲಿ ಇಷ್ಟು ವರ್ಷ ನಾನು ಮಾಡುತ್ತಿದ್ದದ್ದು, ಐದು ಗಂಟೆಯಾದೊಡನೆ ಯಾರ ಕಣ್ಣಿಗೂ ಬೀಳದಂತೆ ಚೀಲ ಹಿಡಿದು ಜಾರಿಕೊಳ್ಳುವುದು. ಅದನ್ನು ಬಿಟ್ಟು, ವಾರಕ್ಕೆರಡು ದಿನ ಒಂದು ಗಂಟೆ ಮೊದಲೇ ಬಂದು ಒಂದು ಗಂಟೆ ಮೊದಲೇ ಹೋಗುತ್ತೇನೆ ಎಂದು ಬರೆದುಕೊಟ್ಟೆ. ಮೇಲಧಿಕಾರಿ ಎರಡೇ ಸಾಲಿನಲ್ಲಿ ಒಪ್ಪಿಗೆ ಕೊಟ್ಟರು. ಆ ಬಡ್ತಿ ಮಾತ್ರ ಬೇರೆಯವರಿಗೆ ಹೋಗಿದೆ, ಅದು ತಿರುಗಿ ಬರುವಂಥದ್ದಲ್ಲ.

ಇದನ್ನೆಲ್ಲ ತ್ಯಾಗ ಎಂದು ಕರೆಯುವವರಿದ್ದಾರೆ. ಆ ಮಾತನ್ನು ನಾನು ಮನೆಯಲ್ಲಿ ಬಳಸುವುದನ್ನು ಬಿಟ್ಟಿದ್ದೇನೆ, ಅದಕ್ಕೆ ಕಾರಣವಿದೆ. ಒಂದು ಸ್ಪರ್ಧೆಯಲ್ಲಿ ಮಗಳು ಕೊನೆಯವಳಾಗಿ ಮುಟ್ಟಿದ ದಿನ, ಮನೆಗೆ ಬರುವ ದಾರಿಯಲ್ಲಿ, “ನಿನಗೋಸ್ಕರ ನಾನು ಏನೇನು ಬಿಟ್ಟೆ ಗೊತ್ತಾ?” ಎಂದುಬಿಟ್ಟಿದ್ದೆ. ಅವಳು ಉತ್ತರಿಸಲಿಲ್ಲ. ಆದರೆ ಅಲ್ಲಿಯವರೆಗೆ ಗೋಡೆ ಮುಟ್ಟಿದೊಡನೆ ಕನ್ನಡಕ ಮೇಲೆತ್ತಿ ಬೆಂಚಿನ ಕಡೆಗೆ ನೋಡುತ್ತಿದ್ದವಳು ಮುಂದಿನ ಎಷ್ಟೋ ಸ್ಪರ್ಧೆಗಳಲ್ಲಿ ನೇರವಾಗಿ ಫಲಿತಾಂಶದ ಫಲಕವನ್ನು ನೋಡಿ ನೀರಿನಿಂದೆದ್ದು ಹೋಗುತ್ತಿದ್ದಳು. ನಾನು ಕೊಟ್ಟದ್ದನ್ನು ಅವಳು ಕೇಳಿ ಪಡೆದಿರಲಿಲ್ಲ. ಅವಳ ಹೆಸರಿನಲ್ಲಿ ಬಾಕಿ ತೋರಿಸುವ ಹಕ್ಕು ನನಗಿರಲಿಲ್ಲ.

ಕಳೆದ ತಿಂಗಳು ಮತ್ತೆ ನಾಲ್ಕು ವಾರ ಬರೆದು ನೋಡಿದೆ. ನನ್ನದು 6 ಗಂಟೆ, ಪತಿಯದು 5, ಮಗನ ಬೆಂಚು ಒಂದೂವರೆ ಗಂಟೆಗೆ ಬಂದು ನಿಂತಿದೆ. ಗುರುವಾರದ ಸಂಜೆ ಪೂರ್ತಿ ನನ್ನದು. ಮಗಳು ಹುಟ್ಟುವ ಮೊದಲು ಗೆಳತಿಯೊಬ್ಬಳೊಂದಿಗೆ ಮಾಡುತ್ತಿದ್ದಂತೆ, ಫೋನನ್ನು ಮನೆಯಲ್ಲೇ ಇಟ್ಟು, ಆ ಗೆಳತಿಯೂ ನಾನೂ ಒಂದು ಗಂಟೆ ಸುಮ್ಮನೆ ನಡೆದು ಬರುತ್ತೇವೆ. ಈಗ ಮಗ ತನಗೂ ಈಜು ಕಲಿಸಿ ಎಂದು ಕೇಳಿದ್ದಾನೆ. ಹೊಸಬರ ತರಗತಿ ಇರುವುದು ಗುರುವಾರ ಸಂಜೆ. ಪತಿಯ ಪಾಳಿ ಆ ಒಂದು ದಿನ ಬದಲಾಗುತ್ತದೆಯೇ ಎಂಬುದು ಮುಂದಿನ ವಾರ ತಿಳಿಯುತ್ತದೆ. ಅಲ್ಲಿಯವರೆಗೆ ಅರ್ಜಿಯಲ್ಲಿ ಅವನ ಹೆಸರು, ವಯಸ್ಸು ತುಂಬಿಸಿ, ‘ಕರೆತರುವವರು’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ.