ಪ್ಯಾರಾ ಜಂಬಲ್‌ಗೆ ಕನ್ನಡ ಚೀಟಿ: ನನ್ನ ಅನುಭವ

ಬ್ಯಾಂಕ್, ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪರೀಕ್ಷೆಗೆ ಓದುವ ಹುಡುಗರಿಗೆ ಪ್ಯಾರಾ ಜಂಬಲ್, ಅಂದರೆ ಕಲಸಿಟ್ಟ ವಾಕ್ಯಗಳನ್ನು ಸರಿಯಾದ ಕ್ರಮಕ್ಕೆ ತರುವ ಪ್ರಶ್ನೆ, ಕಲಿಸಲು ಮೊದಲ ಎರಡು ವಾರ ಕನ್ನಡ ವಾಕ್ಯಗಳ ಚೀಟಿ ಹಂಚುತ್ತೇನೆ ಎಂದಾಗ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಪ್ರಶ್ನೆ ಬರುವುದು ಇಂಗ್ಲಿಷಿನಲ್ಲಲ್ಲವೇ ಎಂದು. ಐದಕ್ಕೆ ಒಂದೋ ಎರಡೋ ಸರಿ ಮಾಡುತ್ತಿದ್ದ ಕನ್ನಡ ಮಾಧ್ಯಮದವರು ಒಂದೂವರೆ ತಿಂಗಳಲ್ಲಿ ಮೂರೂವರೆ–ನಾಲ್ಕರ ಸರಾಸರಿಗೆ ಬಂದರು. ಈಗ ಅದೇ ಮೇಷ್ಟ್ರುಗಳು ನನ್ನ ಚೀಟಿಗಳ ಜೆರಾಕ್ಸ್ ಕೇಳುತ್ತಾರೆ.

ಮೊದಲ ವಾಕ್ಯ ಯಾವುದು ಎಂದು ಹುಡುಕಿಸುವುದನ್ನು ನಾನು ಬಿಟ್ಟೇ ಬಿಟ್ಟೆ. ಒಂದರ ಹಿಂದೆಯೇ ಇನ್ನೊಂದು ಬರಲೇಬೇಕಾದ ಎರಡು ವಾಕ್ಯಗಳ ಜೋಡಿ ಮೊದಲು ಸಿಗಬೇಕು. ಐದು ವಾಕ್ಯಕ್ಕೆ 120 ಕ್ರಮಗಳು. ಒಂದು ಜೋಡಿ ಕೂತರೆ 24, ಎರಡು ಕೂತರೆ ಬರೀ 6. ಕ್ರಮಗಳನ್ನೇ ಆಯ್ಕೆಯಾಗಿ ಕೊಡುವ ಎಸ್‌ಎಸ್‌ಸಿಯಲ್ಲಿ ಎಷ್ಟೋ ಸಲ ಒಂದು ಜೋಡಿಯೇ ಸಾಕು. ನಾವು ಕೊಡುವ ಒಂದು ಚೀಟಿ ನೋಡಿ:

ಕ. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1905ರಲ್ಲಿ.
ಖ. ಗಣಿಯ ಯಂತ್ರಗಳು ಆ ಕರೆಂಟಿನಿಂದ ಓಡತೊಡಗಿದವು.
ಗ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರವೊಂದು ಶುರುವಾಯಿತು.
ಘ. ಅಲ್ಲಿಂದ ಕೋಲಾರದ ಚಿನ್ನದ ಗಣಿಯವರೆಗೆ ತಂತಿ ಎಳೆದಿದ್ದರು.

ಅರ್ಧ ತರಗತಿ ಇಸವಿ ನೋಡಿ ಗ-ಕ ಜೋಡಿಸುತ್ತದೆ. ಆಗ ಘದ 'ಅಲ್ಲಿಂದ' ಬೆಂಗಳೂರಿಗೆ ಹೋಗಿ ಅಂಟಿಕೊಳ್ಳುತ್ತದೆ, ತಂತಿ ಬೆಂಗಳೂರಿನಿಂದ ಹೊರಟಂತಾಗುತ್ತದೆ. ಕನ್ನಡದಲ್ಲಿ ಈ ತಪ್ಪು ಓದಿದ ಕೂಡಲೇ ಕಿವಿಗೆ ಚುಚ್ಚುತ್ತದೆ; ಇಂಗ್ಲಿಷಿನಲ್ಲಿ ಅವರಿಗೆ ಚುಚ್ಚುತ್ತಿರಲಿಲ್ಲ. ಸರಿಯಾದ ಕ್ರಮ ಗ-ಘ-ಖ-ಕ. 'ಕೇಂದ್ರವೊಂದು' ಎಂಬಲ್ಲಿಯ 'ಒಂದು', 'ಅವನೂ' ಎಂಬಲ್ಲಿಯ 'ಊ', ಕರ್ತೃವಿಲ್ಲದೆ 'ಬಂದಳು' ಎಂದು ಮುಗಿಯುವ ವಾಕ್ಯ, ಯಾವುದು ಮೊದಲು, ಯಾವುದು ಆಮೇಲೆ ಎಂದು ಸುಳಿವು ಕೊಡುವ ಈ ಮೂರಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಸುತ್ತೇನೆ.

ದುಡ್ಡು ಹೋದದ್ದು ಚೀಟಿಗೆ. ಮೊದಲ ಸಲ ಪತ್ರಿಕೆಯನ್ನೇ ಕತ್ತರಿಸಿ ಕೊಟ್ಟೆ. ಹುಡುಗರು ಓದದೆ ಕತ್ತರಿಯ ಅಂಚು ಕೂಡಿಸಿ ಉತ್ತರ ಹೇಳಿದರು! ಆಮೇಲೆ ಟೈಪ್ ಮಾಡಿಸಿ, ವಾಕ್ಯಗಳ ನಡುವೆ ಎರಡು ಬೆರಳು ಜಾಗ ಬಿಟ್ಟು, ಪೇಪರ್ ಕಟರ್‌ನಲ್ಲಿ ನೇರ ಕತ್ತರಿಸಿದೆವು. ಮಾಮೂಲಿ ಎ4 ಹಾಳೆ ಫ್ಯಾನಿಗೆ ಹಾರಿತು, ಏಪ್ರಿಲಿನಲ್ಲಿ ಫ್ಯಾನ್ ಆರಿಸುವ ಮಾತೇ ಇಲ್ಲ. ಕೊನೆಗೆ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡು. ನಲವತ್ತು ಸೆಟ್ಟಿಗೆ ಟೈಪಿಂಗ್ ಸೇರಿ ಎರಡೂವರೆ ಸಾವಿರದ ಆಸುಪಾಸು ಆಯಿತು. ಲ್ಯಾಮಿನೇಷನ್ ಮಾಡಿಸಿದ ಸಾವಿರ ದಂಡ, ಸುತ್ತು ಹಾಕಿದರೆ ಪೆನ್ಸಿಲ್ ಹಿಡಿಯುವುದಿಲ್ಲ.

ಯಾವ ಬರಹ ಕತ್ತರಿಸಬೇಕು ಎಂಬುದರಲ್ಲೂ ಪೆಟ್ಟು ತಿಂದೆ. ಸುದ್ದಿ ವರದಿ ಬೇಡ. ಮುಖ್ಯ ಸಂಗತಿ ಮೇಲಿದ್ದು ಉಳಿದದ್ದು ಬಿಡಿಬಿಡಿಯಾಗಿರುವುದರಿಂದ ಎರಡು ಮೂರು ಕ್ರಮಗಳೂ ಸರಿ ಬರುತ್ತವೆ, ತರಗತಿಯಲ್ಲಿ ಜಗಳ. ಅಡುಗೆ ವಿಧಾನವನ್ನೂ ಕತ್ತರಿಸಿ ನೋಡಿದೆ: ಒಗ್ಗರಣೆ ಯಾವಾಗ ಹಾಕಬೇಕೆಂದು ಗೊತ್ತಿದ್ದವರು ವಾಕ್ಯ ಓದುವುದೇ ಇಲ್ಲ. ಸಂಪಾದಕೀಯವೇ ವಾಸಿ, 'ಆದರೆ', 'ಹೀಗಾಗಿ', 'ಅಂಥ' ಎಲ್ಲವೂ ಇರುತ್ತವೆ. ಒಂದು ಸೆಟ್ ತಯಾರಾದ ಮೇಲೆ ಮೂಲ ನೋಡದ ಇಬ್ಬರಿಗೆ ಕೊಡಿ. ಇಬ್ಬರ ಕ್ರಮ ಬೇರೆ ಬಂದರೆ ಆ ಸೆಟ್ ಕಸದ ಬುಟ್ಟಿಗೆ. ನಾನು ಮೂರಕ್ಕೆ ಒಂದು ಎಸೆದಿದ್ದೇನೆ.

ಮೂರನೇ ವಾರ ಇಂಗ್ಲಿಷಿಗೆ ದಾಟುವಾಗ ಎಡವುವುದು 'ದಿ' ಹತ್ತಿರ. 'ಎ' ಬಂದ ಕಡೆ 'ಒಂದು' ನೆನಪಿಸಿದರೆ ಹಿಡಿಯುತ್ತಾರೆ. 'ದಿ'ಗೆ ಮಾತ್ರ ಕನ್ನಡದಲ್ಲಿ ಬಹಳ ಸಲ ಏನೂ ಇರುವುದಿಲ್ಲ. 'ಎ ಬ್ಯಾಂಕ್' ಇರುವ ವಾಕ್ಯದಿಂದ 'ದಿ ಬ್ಯಾಂಕ್' ಇರುವ ವಾಕ್ಯಕ್ಕೆ ಬಾಣ ಎಳೆಸುವುದೊಂದೇ ದಾರಿ, ಹತ್ತು ದಿನವಾದರೂ ಬೇಕು. 'ದಿ ಸನ್' ಥರದ್ದನ್ನು ಆ ಹತ್ತು ದಿನ ದೂರ ಇಡಿ, ಹಿಂದೆ 'ಎ ಸನ್' ಇರುವುದಿಲ್ಲವಾದ್ದರಿಂದ ಬಾಣಕ್ಕೆ ಬಾಲವೇ ಸಿಗದೆ ಗಲಿಬಿಲಿಯಾಗುತ್ತಾರೆ.

ಗುಂಪಿಗೆ ಸೇರದ ವಾಕ್ಯ ಹೊರಗೆ ಹಾಕುವ ಪ್ರಶ್ನೆಗೂ ಒಂದು ಉಪಾಯ ಕಟ್ಟಿಕೊಂಡಿದ್ದೇನೆ, ಕಾರ್ಡಿನ ಹಿಂಬದಿಯ ಬಣ್ಣದ್ದು. ಅದು ಈ ಬ್ಯಾಚ್ ಮುಗಿಯುವವರೆಗೆ ನನ್ನಲ್ಲೇ ಇರಲಿ.