ಅಗ್ಗದ ಸಾಮಾನು, ದುಬಾರಿ ರುಚಿ: ಮೊದಲು ನೀರು ಇಂಗಲಿ

ದೊಡ್ಡ ರೆಸ್ಟೊರೆಂಟಿನ ತಟ್ಟೆಯಲ್ಲಿ ಬರುವ ಈರುಳ್ಳಿ, ಎಲೆಕೋಸು, ಒಣಕಾಳು ಬೇರೆ ಜಾತಿಯವೇನಲ್ಲ. ಮನೆಯ ಬುಟ್ಟಿಯಲ್ಲಿರುವವೇ ಅವು. ಅಲ್ಲಿನ ಅಡುಗೆಯವರು ನೀರು, ಉರಿ ಮತ್ತು ಉಪ್ಪಿನ ಹದವನ್ನು ಬಿಗಿಯಾಗಿ ಹಿಡಿದಿರುತ್ತಾರೆ, ಅಷ್ಟೆ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ಗೆ. ತರಕಾರಿಯ ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ಅದು ಅದಕ್ಕಿಂತ ಹೆಚ್ಚು ಬಿಸಿಯಾಗದು. ಹುರಿದ ಘಮ, ಕೆಂಬಣ್ಣ ಚುರುಕಾಗಿ ಹುಟ್ಟುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಸಕ್ಕರೆ ಮತ್ತು ಅಮಿನೊ ಆಮ್ಲಗಳ ನಡುವಿನ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮಯಾರ್. ಬೇಯಿಸಿದ್ದು ಸಪ್ಪೆ, ಹುರಿದದ್ದು ರುಚಿ ಎನ್ನಿಸುವುದಕ್ಕೆ ಮುಖ್ಯ ಕಾರಣ ಇದೇ.

ಈರುಳ್ಳಿ: ಮುಕ್ಕಾಲು ಗಂಟೆಯಾದರೂ ಬೇಕೇ ಬೇಕು

ಹತ್ತು ನಿಮಿಷದಲ್ಲಿ ಈರುಳ್ಳಿ ಜೇನುಬಣ್ಣಕ್ಕೆ ಬರುತ್ತದೆ ಎಂದು ಯಾವ ಪಾಕವಿಧಾನ ಹೇಳಿದರೂ ನಂಬಬೇಡಿ. ಈರುಳ್ಳಿಯ ತೂಕದಲ್ಲಿ ಹತ್ತಿರಹತ್ತಿರ ಶೇ 90ರಷ್ಟು ನೀರೇ ಇದೆ.

1. ಒಂದು ಕಿಲೊ ಈರುಳ್ಳಿಯನ್ನು ತುದಿಯಿಂದ ಬುಡಕ್ಕೆ, 3–4 ಮಿಲಿಮೀಟರ್ ದಪ್ಪಕ್ಕೆ ಉದ್ದುದ್ದ ಸೀಳಿ. ಅಡ್ಡಡ್ಡ ಹೆಚ್ಚಿದರೆ ಕೊನೆಗೆ ಕರಗಿ ಮುದ್ದೆಯಾಗುತ್ತದೆ.
2. ದಪ್ಪ ತಳದ ಅಗಲ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಅಥವಾ ಬೆಣ್ಣೆ ಕಾಯಿಸಿ. ಈರುಳ್ಳಿ ಮತ್ತು ಒಂದು ಚಿಕ್ಕ ಚಮಚ ಉಪ್ಪು ಹಾಕಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಮುಚ್ಚಿಡಿ. ಉಪ್ಪು ನೀರನ್ನು ಬೇಗ ಹೊರಗೆಳೆಯುತ್ತದೆ.
3. ಮುಚ್ಚಳ ತೆಗೆದು ಉರಿ ಸ್ವಲ್ಪ ತಗ್ಗಿಸಿ. ಮೊದಲ ಕಾಲು ಗಂಟೆ ಆಗಾಗ ಕೈಯಾಡಿಸಿದರೆ ಸಾಕು. ನೀರು ಇಂಗಿದ ಮೇಲೆ ತಳದಲ್ಲಿ ಕಂದು ಪದರ ಕಟ್ಟತೊಡಗುತ್ತದೆ. ರುಚಿಯ ಗಂಟು ಇರುವುದು ಅಲ್ಲೇ. ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಮರದ ಸೌಟಿನಿಂದ ಕೆರೆದು ಈರುಳ್ಳಿಗೇ ಬೆರೆಸಿ. ನೀರು ಇಂಗಲಿ, ಮತ್ತೆ ಪದರ ಕಟ್ಟಲಿ, ಮತ್ತೆ ಕೆರೆಯಿರಿ. ಹೀಗೆ ನಾಲ್ಕೈದು ಸಲ ಮಾಡಬೇಕು. ಪದರ ಕಂದು ದಾಟಿ ಕಪ್ಪಾದರೆ ಕಹಿ ಎಲ್ಲಕ್ಕೂ ಹರಡುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ.

ಮುಕ್ಕಾಲರಿಂದ ಒಂದು ಗಂಟೆಯಲ್ಲಿ ಒಂದು ಕಿಲೊ ಈರುಳ್ಳಿ ಕುಗ್ಗಿ 300 ಗ್ರಾಂ ಆಸುಪಾಸಿಗೆ ಬರುತ್ತದೆ. ಅವಸರವಿದ್ದವರು ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಕ್ಷಾರ ಹೆಚ್ಚಿದರೆ ಬಣ್ಣ ಬೇಗ ಬರುತ್ತದೆ. ಆದರೆ ಚಿಟಿಕೆ ದಾಟಿದರೆ ಈರುಳ್ಳಿ ಲೊಳೆಯಾಗಿ, ಸೋಪಿನ ರುಚಿ ಬಂದುಬಿಡುತ್ತದೆ. ಮಾಡಿದ್ದನ್ನು ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ, ಬೇಕಾದಾಗ ಒಂದೊಂದು ತುಂಡನ್ನು ಸೂಪಿಗೋ ಮೊಟ್ಟೆಗೋ ಹಾಕಿಕೊಳ್ಳಬಹುದು.

ಎಲೆಕೋಸು: ಮುಟ್ಟದೆ ಬಿಡಿ

ಎಲೆಕೋಸನ್ನು ನೀರಿನಲ್ಲಿ ಹೆಚ್ಚು ಹೊತ್ತು ಕುದಿಸಿದಷ್ಟೂ ಗಂಧಕದ ವಾಸನೆ ಜಾಸ್ತಿ. ಅದರ ಬದಲು ನಡುದಿಂಡಿನ ಸಮೇತ ಆರು ಹೋಳು ಮಾಡಿ. ದಿಂಡು ಇದ್ದರೆ ಎಸಳು ಬಿಚ್ಚಿಕೊಳ್ಳುವುದಿಲ್ಲ. ಕತ್ತರಿಸಿದ ಮೈಯನ್ನು ಬಟ್ಟೆಯಿಂದ ಒರೆಸಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ ಮಗುಚಿಡಿ. ಐದಾರು ನಿಮಿಷ ಅಲ್ಲಾಡಿಸಲೇಬೇಡಿ. ಒಂದು ಸಲಕ್ಕೆ ಮೂರೇ ಹೋಳು ಇರಲಿ. ಒತ್ತೊತ್ತಾಗಿ ತುಂಬಿದರೆ ಹೊರಬಂದ ಆವಿಗೆ ಹೋಗಲು ಜಾಗವಿಲ್ಲದೆ ಎಲ್ಲವೂ ಬೇಯುತ್ತವೆ, ಕೆಂಪಾಗುವುದಿಲ್ಲ. ಗಾಢ ಕಂದು ಬಂದ ಮೇಲೆ ತಿರುವಿ, ಉಪ್ಪು ಉದುರಿಸಿ, ಕಾಲು ಲೋಟ ನೀರು ಹಾಕಿ ಎಂಟು–ಹತ್ತು ನಿಮಿಷ ಮುಚ್ಚಿ ಬೇಯಿಸಿ. ಕೊನೆಗೆ ಮುಚ್ಚಳ ತೆಗೆದು ನೀರು ಇಂಗಿಸಿ. ಅಣಬೆಗೂ ಇದೇ ನ್ಯಾಯ: ಒಣ ಬಾಣಲೆಯಲ್ಲಿ ನೀರು ಬಿಟ್ಟು ಆರಿದ ಮೇಲಷ್ಟೇ ಎಣ್ಣೆ.

ಕಾಳಿಗೆ ನೆನೆಯುವಾಗಲೇ ಉಪ್ಪು

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ವಾಸ್ತವ ಉಲ್ಟಾ. 250 ಗ್ರಾಂ ಒಣಕಾಳಿಗೆ ಒಂದು ಲೀಟರ್ ನೀರು, 15 ಗ್ರಾಂ ಉಪ್ಪು ಹಾಕಿ ಎಂಟರಿಂದ ಹನ್ನೆರಡು ಗಂಟೆ ನೆನೆಸಿ. ಸಿಪ್ಪೆಯಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂರುವುದರಿಂದ ಸಿಪ್ಪೆ ಮೆತ್ತಗಾಗಿ, ಬೇಯುವಾಗ ಒಡೆಯುವುದು ಕಡಿಮೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ರಾಜ್ಮಾ ಆದರೆ ಮೊದಲ ಹತ್ತು ನಿಮಿಷ ಕೊತಕೊತ ಕುದಿಯಲೇಬೇಕು, ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಟೊಮೆಟೊ, ನಿಂಬೆಯಂಥ ಹುಳಿ ಕಾಳು ಪೂರ್ತಿ ಮೆತ್ತಗಾಗುವ ತನಕ ಬೇಡ, ಏಕೆಂದರೆ ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಬೆಂದ ಕಾಳಿನಲ್ಲಿ ಒಂದು ಸೌಟು ತೆಗೆದು ಅರೆದು ಮರಳಿ ಬೆರೆಸಿದರೆ, ಕೆನೆ ಹಾಕದೆಯೇ ರಸ ಮಂದವಾಗುತ್ತದೆ.

ಪೂರ್ತಿ ಬೆಂದ ಕಾಳಿನ ರುಚಿಗೆ ಆಳ ಬೇಕಿದ್ದರೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟನ್ನು ಅಷ್ಟೇ ಎಣ್ಣೆಯಲ್ಲಿ ಮೂರ್ನಾಲ್ಕು ನಿಮಿಷ, ಇಟ್ಟಿಗೆಯ ಬಣ್ಣಕ್ಕೆ ತಿರುಗುವ ತನಕ ಹುರಿದು ಸೇರಿಸಿ. ಟೊಮೆಟೊದಲ್ಲಿ ಗ್ಲುಟಮೇಟ್ ಹೇರಳ. ಜಪಾನಿನ ಕಿಕುನಾಯೆ ಇಕೆದಾ 1908ರಲ್ಲಿ ‘ಉಮಾಮಿ’ ಎಂದು ಗುರುತಿಸಿದ, ಮಾಂಸದ ಸಾರಿನಂಥ ತುಂಬು ರುಚಿಯ ಮೂಲ ಈ ಗ್ಲುಟಮೇಟ್.

ಕೊನೆಯ ಹಂತ

ಮೇಲೆ ಹಾಕಲು ಕೆಂಪಗೆ ಕಾಯಿಸಿದ ಬೆಣ್ಣೆ ಮಾಡಿಕೊಳ್ಳಿ. 100 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ತಿಳಿಬಣ್ಣದ ತಳವಿರುವ ಪಾತ್ರೆಯಲ್ಲಿ ಮಧ್ಯಮ ಉರಿಗಿಡಿ. ಕಪ್ಪು ತಳದಲ್ಲಿ ಬಣ್ಣ ತಿಳಿಯದು. ಚಟಪಟ ಸದ್ದು ಅಡಗಿತೆಂದರೆ ನೀರು ಹೋಯಿತು. ನೊರೆ ಏಳುತ್ತದೆ, ಅದರಡಿಯ ಗಸಿ ಕೆಂಪಾಗಿ ಹುರಿದ ಬೀಜದ ಘಮ ಬರುತ್ತದೆ. ಆ ಕ್ಷಣವೇ ಗಸಿ ಸಮೇತ ಬೇರೆ ಪಾತ್ರೆಗೆ ಬಗ್ಗಿಸಿ, ಇಲ್ಲದಿದ್ದರೆ ಒಲೆ ಆರಿಸಿದರೂ ಪಾತ್ರೆಯ ಬಿಸಿಗೆ ಸೀದುಹೋಗುತ್ತದೆ. ಎಲೆಕೋಸಿಗೆ, ಕಾಳಿಗೆ ಒಂದೆರಡು ಚಮಚ ಸಾಕು. ‘ಟ್ರಫಲ್ ಎಣ್ಣೆ’ (ಟ್ರಫಲ್ ಎಂದರೆ ನೆಲದಡಿ ಬೆಳೆಯುವ ಅಣಬೆಯಂಥದ್ದು) ಎಂದು ದುಬಾರಿ ಬಾಟಲಿಗಳಲ್ಲಿ ಸಿಗುವುದರಲ್ಲಿ ಬಹುಪಾಲಕ್ಕೆ ಕೃತಕ ಪರಿಮಳವೇ ಆಧಾರ. ಅದಕ್ಕಿಂತ ಈ ಬೆಣ್ಣೆ ವಾಸಿ.

ಬಡಿಸುವ ಮುನ್ನ ರುಚಿ ನೋಡಿ. ಉಪ್ಪು ಸರಿಯಿದ್ದೂ ಏನೋ ಕಡಿಮೆ ಎನ್ನಿಸಿದರೆ ಸಾಮಾನ್ಯವಾಗಿ ಕೊರತೆ ಹುಳಿಯದ್ದು. ನಾಲ್ಕು ಜನರ ಅಡುಗೆಗೆ ಒಂದು ಚಿಕ್ಕ ಚಮಚ ನಿಂಬೆರಸ ಹಾಕಿ, ಮತ್ತೆ ನೋಡಿ. ಒಲೆ ಆರಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಪರಿಮಳ ಹಾರಿಹೋಗುತ್ತದೆ.

ಗರಿಗರಿಗೆ ಹಳೆಯ ಬ್ರೆಡ್ ಸಾಕು. ಎರಡು ಸ್ಲೈಸ್ ಪುಡಿಮಾಡಿ, ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿಯಿರಿ. ಜಜ್ಜಿದ ಬೆಳ್ಳುಳ್ಳಿ ಕೊನೆಯ ಒಂದು ನಿಮಿಷಕ್ಕೆ ಬೀಳಲಿ, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಈ ಪುಡಿಯನ್ನು ತಟ್ಟೆಗೆ ಬಡಿಸಿದ ಮೇಲೆಯೇ ಉದುರಿಸಿ. ಪಾತ್ರೆಯಲ್ಲೇ ಬೆರೆಸಿಟ್ಟರೆ ಎರಡು ನಿಮಿಷಕ್ಕೆ ನೀರು ಕುಡಿದು ಮೆತ್ತಗಾಗುತ್ತದೆ.