ಜೀನ್ಸ್ ಕಟಿಂಗ್ ಮಾಡುತ್ತಲೇ ಟ್ಯಾಟೂ ಗಾಯ ಮಾಯಿಸಿಕೊಂಡೆ

ಟ್ಯಾಟೂ ಹಾಕಿಸಬೇಕು ಅನ್ನುವ ಬಳ್ಳಾರಿಯ ಗೆಳೆಯರಿಗೆ ನಾನು ಮೊದಲು ಹೇಳುವುದು, ಬೇಸಿಗೆಯಲ್ಲಿ ಬೇಡ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಆರುವುದೇ ಇಲ್ಲ, ಗಾಯ ಒಣಗುವುದು ಯಾವಾಗ? ನಾನು ದೀಪಾವಳಿ ಕಳೆದು ಚಳಿ ಬೀಳುವ ತನಕ ಕಾದು ಮುಂಗೈಗೆ ಹಾಕಿಸಿಕೊಂಡೆ. ಸೂಜಿಯ ಪೊಟ್ಟಣವನ್ನು ನನ್ನ ಕಣ್ಣೆದುರೇ ಒಡೆಸಿದೆ. ಹೆಪಟೈಟಿಸ್ ಬಿ, ಸಿಯಂಥ ಯಕೃತ್ತಿನ ರೋಗ ಸೂಜಿಯಿಂದಲೂ ಹರಡುವಾಗ ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ನನ್ನದು ಜೀನ್ಸ್ ಯುನಿಟ್‌ನಲ್ಲಿ ಕಟಿಂಗ್ ಕೆಲಸ. ಜೀನ್ಸ್ ಹೊಲಿಯುವ ಡೆನಿಮ್ ಬಟ್ಟೆಯ ನೀಲಿ ಬಣ್ಣ ನೂಲಿನ ಮೈಮೇಲಷ್ಟೇ ಕೂತಿರುತ್ತದೆ, ನೂಲಿನ ಒಳಗು ಬೆಳ್ಳಗೇ ಇರುತ್ತದೆ. ಅದಕ್ಕೇ ತೊಳೆಯದ ಬಟ್ಟೆ ಮುಟ್ಟಿದರೆ ಕೈಗೆಲ್ಲ ಬಣ್ಣ. ಟ್ಯಾಟೂ ಇದಕ್ಕೆ ಪೂರ್ತಿ ಉಲ್ಟಾ. ಸೂಜಿ ಮೇಲ್ಚರ್ಮ ದಾಟಿ 1ರಿಂದ 2 ಮಿಲಿಮೀಟರ್ ಆಳದಲ್ಲಿ ಶಾಯಿ ಬಿಡುತ್ತದೆ, ಅಲ್ಲಿನ ಜೀವಕೋಶಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅಂದರೆ ಬಣ್ಣ ಕೂರಿಸುವುದಕ್ಕೆ ನಾವು ಹೊರಗಿನಿಂದ ಏನೂ ಹಚ್ಚಬೇಕಿಲ್ಲ. ಮೇಲಿರುವುದು ಒಂದು ತೆರೆದ ಗಾಯ. ಅದನ್ನು ಚೊಕ್ಕಟವಾಗಿ ಇಟ್ಟುಕೊಂಡರೆ ಮಿಕ್ಕಿದ್ದನ್ನು ಚರ್ಮವೇ ನೋಡಿಕೊಳ್ಳುತ್ತದೆ.

ಟ್ಯಾಟೂ ಹಾಕಿದವರು ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿ ಕಳಿಸಿದ್ದರು. ಮೊದಲ ದಿನ ಶಾಯಿ ಬೆರೆತ ರಸ ಅದರ ಕೆಳಗೆ ಕೂಡಿಕೊಳ್ಳುತ್ತದೆ, ಗಾಬರಿಯಾಗಬಾರದು. ಆದರೆ ಅಂಚು ಬಿಟ್ಟಿತೋ, ಬೆವರು, ಧೂಳು ಒಳಗೆ ಹೋಗುತ್ತವೆ. ನನ್ನದರ ಅಂಚು ಎದ್ದ ಕೂಡಲೇ ಉಗುರುಬೆಚ್ಚಗಿನ ನೀರು ಬಿಟ್ಟುಕೊಂಡು ನಿಧಾನಕ್ಕೆ ಸುಲಿದು ತೆಗೆದೆ. ಮತ್ತೆ ಅಂಟಿಸಲಿಲ್ಲ.

ತೊಳೆಯುವುದೇ ಇದರಲ್ಲಿ ಮುಖ್ಯ ಕೆಲಸ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ತುಂಬಿಟ್ಟದ್ದೇ ಗತಿ. ಆ ನೀರನ್ನು ಹಾಗೇ ಗಾಯಕ್ಕೆ ಹಾಕಲು ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಒಂದು ಪಾತ್ರೆ ಕುದಿಸಿ, ಮುಚ್ಚಿ, ಆರಿಸಿ ಇಟ್ಟುಕೊಳ್ಳುತ್ತಿದ್ದೆ. ಮೊದಲು ಎರಡೂ ಕೈ ತೊಳೆದುಕೊಳ್ಳಬೇಕು. ಆಮೇಲೆ ಘಮ ಇಲ್ಲದ ಸೌಮ್ಯ ಸೋಪಿನ ನೊರೆಯನ್ನು ಬೆರಳ ತುದಿಯಿಂದ ಸವರಿ, ಅಂಟಂಟು ಹೋಗುವ ತನಕ ನೀರು ಬಿಡಬೇಕು. ಸ್ನಾನದ ಬ್ರಷ್ಷು, ನಾರು ಹತ್ತಿರಕ್ಕೂ ಬರಬಾರದು. ಒರೆಸುವುದಕ್ಕೆ ಮನೆಮಂದಿಯೆಲ್ಲ ಬಳಸುವ ಟವೆಲ್ ಬೇಡವೇ ಬೇಡ. ನಾನು ಟಿಶ್ಯೂ ಕಾಗದ ಒತ್ತಿ ತೇವ ತೆಗೆದು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಪೂರ್ತಿ ಆರಿದ ಮೇಲಷ್ಟೇ ಘಮವಿಲ್ಲದ ಲೋಷನ್, ಅದೂ ಚರ್ಮ ಮಿನುಗುವಷ್ಟು ತೆಳ್ಳಗೆ. ದಪ್ಪಗೆ ಬಳಿದರೆ ಗಾಯಕ್ಕೆ ಗಾಳಿಯಾಡುವುದಿಲ್ಲ, ಹಕ್ಕಳೆ ಮೆತ್ತಗಾಗಿ ಬೇಗ ಕಿತ್ತು ಬರುತ್ತದೆ.

ಅಜ್ಜಿಯ ಕೈಮೇಲೆ ಕೊರವಂಜಿ ಹಾಕಿದ ಹಸಿರು ಹಚ್ಚೆ ಇದೆ. "ಅರಿಶಿಣ ಹಚ್ಚಲೇ ತಮ್ಮಾ, ನಾವೆಲ್ಲ ಹಂಗ ಮಾಡೀವಿ" ಅಂದಳು. ಅಜ್ಜಿಯ ಮಾತು ನನಗೆ ದೊಡ್ಡದೇ. ಆದರೆ ಡಬ್ಬಿಯ ಅರಿಶಿಣದಲ್ಲಿ ಏನೇನು ಬೆರೆತಿರುತ್ತದೋ, ಅಡುಗೆಮನೆಯ ಪುಡಿಯನ್ನು ತೆರೆದ ಗಾಯಕ್ಕೆ ಹಾಕುವುದು ನನಗೆ ಸರಿ ಕಾಣಲಿಲ್ಲ. "ಬ್ಯಾಡಜ್ಜಿ, ಬರೀ ನೀರು ಸಾಕಂತ" ಅಂದೆ. ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಕೊಡುವ ತುರಿಕೆ ಮುಲಾಮಿಗೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ, ಅದು ಗಾಯ ಮಾಯುವುದನ್ನೇ ತಡ ಮಾಡುತ್ತದೆ.

ಕೆಲಸಕ್ಕೆ ಮರಳಿದಾಗ ಡೆನಿಮ್‌ನ ಬಣ್ಣ, ಹತ್ತಿಯ ಸಣ್ಣ ಧೂಳು ಎರಡನ್ನೂ ತಡೆಯಬೇಕಿತ್ತು. ಹಳೆಯ, ಸಡಿಲವಾದ ಕಾಟನ್ ಅಂಗಿಗಳನ್ನು ತೋಳು ಇಳಿಬಿಟ್ಟು ಹಾಕಿಕೊಂಡೆ, ದಿನಾ ಒಗೆದದ್ದೇ. ಬಟ್ಟೆಯ ಥಾನು ಎತ್ತಿ ಹಾಸುವ ಕೆಲಸ ಜೊತೆಗಾರ ಅಣ್ಣ ವಹಿಸಿಕೊಂಡ, ನಾನು ಗುರುತು ಹಾಕುವುದನ್ನು ನೋಡಿಕೊಂಡೆ. ಆ ಉಪಕಾರ ದೊಡ್ಡದು. ರಾತ್ರಿ ಅಂಗಿಯೋ ಹಾಸಿಗೆ ಬಟ್ಟೆಯೋ ಗಾಯಕ್ಕೆ ಅಂಟಿದರೆ ಎಳೆಯಬಾರದು, ನೀರು ಹಾಕಿ ನೆನೆಸಿದರೆ ತಾನೇ ಬಿಡುತ್ತದೆ.

ಮೊದಲ ವಾರದ ಕೊನೆಗೆ ಸಿಪ್ಪೆ ಏಳುತ್ತದೆ. ಬಣ್ಣದ ಚೂರುಗಳೇ ಉದುರುತ್ತವೆ, ಚಿತ್ರ ಮಂಕಾಗಿ ಕಾಣುತ್ತದೆ. ಹೋಗುತ್ತಿರುವುದು ಮೇಲ್ಚರ್ಮ, ಒಳಗಿನ ಶಾಯಿ ಅಲ್ಲೇ ಇರುತ್ತದೆ. ಈ ಹೊತ್ತಿಗೇ ತುರಿಕೆ ಜೋರು. ಕೆರೆದರೆ, ಹಕ್ಕಳೆ ಕಿತ್ತರೆ, ಅಲ್ಲಿ ಬಣ್ಣ ಹೋಗಬಹುದು, ಕಲೆಯೂ ಉಳಿಯಬಹುದು. ತುರಿಕೆ ತಡೆಯದಾದಾಗ ಟ್ಯಾಟೂ ಬಿಟ್ಟು ಪಕ್ಕದ ಚರ್ಮವನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ, ಉಗುರು ಪೂರ್ತಿ ಕತ್ತರಿಸಿಕೊಂಡಿದ್ದೆ.

ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಬಾವು ಸಹಜ, ಅದು ದಿನೇದಿನೇ ಇಳಿಯಬೇಕು. ಇಳಿಯುವ ಬದಲು ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಬಿಸಿ ಅನ್ನಿಸಿದರೆ, ಕೀವು, ಜ್ವರ, ಕೈಯುದ್ದಕ್ಕೂ ಕೆಂಪು ಗೆರೆ ಕಂಡರೆ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಟ್ಯಾಟೂ ಹಾಕಿದವರಿಗೆ ಫೋಟೊ ಕಳಿಸಿ ಕಾಯುತ್ತ ಕೂರುವ ಹೊತ್ತಲ್ಲ ಅದು.

ಮೇಲ್ಚರ್ಮ ಕೂಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಒಳಗಡೆ ಪೂರ್ತಿ ಮಾಯಲು ತಿಂಗಳುಗಳೇ ಹಿಡಿಯುತ್ತವೆ. ಮೇಲ್ಚರ್ಮ ಕೂಡುವ ತನಕ ತುಂಗಭದ್ರಾ ಕಾಲುವೆಗೆ ಈಜಲು ಕರೆದವರಿಗೆಲ್ಲ ಇಲ್ಲ ಅಂದೆ. ಬೈಕ್ ಹತ್ತಿದರೆ ತುಂಬುತೋಳು. ಚರ್ಮ ಪೂರ್ತಿ ಕೂಡಿದ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಶುರು ಮಾಡಿದೆ, ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ರಕ್ತದಾನ ಮಾಡುವವರಿಗೆ ಇನ್ನೊಂದು ಮಾತು: ನಮ್ಮ ದೇಶದ ನಿಯಮದಂತೆ ಟ್ಯಾಟೂ ಆದಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ. ಅದಕ್ಕೆ ನಾನು ಹಾಕಿಸಿಕೊಳ್ಳುವ ಮುಂಚೆಯೇ ಹೋಗಿ ಕೊಟ್ಟು ಬಂದಿದ್ದೆ.